ಲಕ್ಷ್ಮಿದೇವಿಯವರ ಹಸಿರು ತಟ್ಟೆ

ಅಧ್ಯಕ್ಷರ ಕುರ್ಚಿಯಲ್ಲಿರುವ, ಈ ಲ್ಯಾಬಿನ ಒಡೆಯರೂ ಆದ ಡಾಕ್ಟರ್ ಪ್ರಭುಸ್ವಾಮಿಯವರೇ, ಇವತ್ತು ನಿವೃತ್ತರಾಗುತ್ತಿರುವ ಟೆಕ್ನಿಷಿಯನ್ ಲಕ್ಷ್ಮಿದೇವಿಯವರೇ, ಕೊಳ್ಳೇಗಾಲ, ಯಳಂದೂರು, ಹನೂರುಗಳಿಂದ ಬಂದು, ಅಡುಗೆಯ ಘಮ ಬಂದರೂ ಏಳದೆ ಕುಳಿತಿರುವ ಸಭಿಕರೇ,

ನಾನು ಹನೂರಿನ ಶಿವನಂಜಯ್ಯ. ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಲಕ್ಷ್ಮಿದೇವಿಯವರು ಹನ್ನೊಂದು ವರ್ಷದ ಹಿಂದೆ ಒಂದು ಸ್ಯಾಂಪಲ್ ಕೆಡಿಸಿದರು ಎಂಬ ಮಾತು ಈ ಲ್ಯಾಬಿನಲ್ಲಿ ಇನ್ನೂ ಉಳಿದಿದೆ. ಅವರು ಕೆಡಿಸಲಿಲ್ಲ. ಶಾಲು ಹೊದಿಸುವ ಮೊದಲು ಆ ಮಾತನ್ನು ಅಳಿಸಬೇಕೆಂದು ಬಂದಿದ್ದೇನೆ. ನನಗೆ ಹೇಗೆ ಗೊತ್ತು? ಹೇಳುತ್ತೇನೆ. ಆದರೆ ಅರಿಶಿನದಿಂದ ಶುರು ಮಾಡಬೇಕಾಗುತ್ತದೆ, ಕ್ಷಮಿಸಬೇಕು.

ಸುಡೊಮೊನಾಸ್ ಎಂದರೆ ನಮ್ಮ ಕಡೆ ಯಾವ ರೈತನಿಗೆ ಗೊತ್ತಿಲ್ಲ? ಬಿಳಿ ಪುಡಿ. ಗೆಡ್ಡೆ ಕೊಳೆಯದಿರಲೆಂದು ಕೊಟ್ಟಿಗೆ ಗೊಬ್ಬರಕ್ಕೆ ಬೆರೆಸಿ, ಒದ್ದೆ ಗೋಣಿ ಮುಚ್ಚಿಟ್ಟು, ಆಮೇಲೆ ಅರಿಶಿನದ ಹೊಲಕ್ಕೆ ಹಾಕುತ್ತೇವೆ. ಅದರೊಳಗಿರುವುದು ಜೀವಂತ ಬ್ಯಾಕ್ಟೀರಿಯಾ. ಕಾಡಂಚಿನ ಹೂಗ್ಯಂವರೆಗೂ ಹೋಗಿ ಹಂಚಿದ್ದೇನೆ. "ಫ್ರೆಂಡ್ ಆಫ್ ದಿ ಫಾರ್ಮರ್" ಎಂದು ಭಾಷಣ ಮಾಡಿದರೆ ಹಿಂದಿನಿಂದ ಯಾರಾದರೂ, "ಫ್ರೆಂಡ್ ಆದ್ರೆ ಪುಕ್ಸಟ್ಟೆ ಕೊಡಿ ಸಾ" ಎನ್ನುತ್ತಿದ್ದರು.

ನನ್ನ ಮನೆಯವರು ಚೆಲುವಮ್ಮ. ಸಕ್ಕರೆ ಕಾಯಿಲೆ ಇತ್ತು. ಆದರೂ ಆ ವರ್ಷ ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತೇನೆಂದು ಹಟ. ಬರಿಗಾಲು ಬೇಡವೆಂದು ನನ್ನ ಹಳೆಯ ಕ್ಯಾನ್ವಾಸ್ ಶೂ ಹಾಕಿಸಿದೆ. "ಬೂಟು ಹಾಕ್ಕಂಡು ಓಗೋಕೆ ನಾನೇನ್ ಪೋಲೀಸಾ?" ಎಂದಳು. ತಾಳಬೆಟ್ಟದ ಹತ್ತಿರ ಮೊಳೆಯೊಂದು ಬೆವರಿಗೆ ಒದ್ದೆಯಾದ ಆ ಶೂವಿನ ತಳ ತೂರಿ ಪಾದಕ್ಕೆ ನಾಟಿತು. ವಾರದಲ್ಲಿ ಕಾಲು ಊದಿಕೊಂಡಿತು. ವೈದ್ಯರು ಹತ್ತಿಯ ಕಡ್ಡಿಯಲ್ಲಿ ಕೀವು ತೆಗೆದುಕೊಟ್ಟರು. ನಾನೇ ಈ ಲ್ಯಾಬಿಗೆ ತಂದೆ.

ಮೂರನೇ ದಿನ ರಿಪೋರ್ಟು ಬಂತು. ಸುಡೊಮೊನಾಸ್. ನಾನು ನಕ್ಕುಬಿಟ್ಟೆ. ನನ್ನ ಚೀಲದಲ್ಲಿ ಯಾವಾಗಲೂ ಆ ಪುಡಿ ಇರುತ್ತಿತ್ತು. ಸ್ಯಾಂಪಲ್ ಕೊಡುವಾಗ ಚೀಲವನ್ನು ಲಕ್ಷ್ಮಿದೇವಿಯವರ ಮೇಜಿನ ಮೇಲೆಯೇ ಇಟ್ಟಿದ್ದೆ. ಪುಡಿ ಬಿದ್ದು ಸ್ಯಾಂಪಲ್ ಕೆಟ್ಟಿದೆ ಎಂದು ತೀರ್ಮಾನಿಸಿದೆ.

ಲಕ್ಷ್ಮಿದೇವಿಯವರು ಕೀವಿನ ಬ್ಯಾಕ್ಟೀರಿಯಾ ಬೆಳೆಸಿದ ಪುಟ್ಟ ತಟ್ಟೆ ತೋರಿಸಿದರು. ಕೆರೆಯ ಪಾಚಿಯಂಥ ಹಸಿರು. "ನೋಡಿ ಸಾ, ದ್ರಾಕ್ಷಿ ವಾಸ್ನೆ ಬತ್ತದೆ. ನಲವತ್ತೆರಡು ಡಿಗ್ರೀಲಿ ಇಟ್ರೂ ಬೆಳೀತು. ನಿಮ್ಮ ಹೊಲದ್ದು ಅಷ್ಟು ಕಾವಲ್ಲಿ ಬೆಳೆಯಲ್ಲ. ಇದು ಅದರ ದಾಯಾದಿ."

"ಎಷ್ಟೋ ವರ್ಷದಿಂದ ಹಂಚಿದ್ದೀನಮ್ಮ, ನನಗೇ ಪಾಠವಾ?" ಎಂದೆ.

ಬಿ.ಎಸ್ಸಿ.ಯಲ್ಲಿ ಜೀನಸ್ ಎಂದರೆ ಮನೆತನ, ಸ್ಪೀಷೀಸ್ ಎಂದರೆ ಆ ಮನೆತನದ ಒಬ್ಬ ಎಂದು ಬರೆದು ಪಾಸಾದವನು ನಾನು. ರಿಪೋರ್ಟಿನಲ್ಲಿ ಎರಡು ಪದವಿತ್ತು, ಮೊದಲನೆಯದನ್ನು, ಮನೆತನದ ಹೆಸರನ್ನಷ್ಟೇ ಓದಿದೆ. ಈ ದಾಯಾದಿ ಎಲ್ಲಿಲ್ಲ ಹೇಳಿ? ಮಣ್ಣಿನಲ್ಲಿ, ನಲ್ಲಿಯ ಬಾಯಲ್ಲಿ, ಬೆವರಿದ ಶೂವಿನಲ್ಲಿ, ಒದ್ದೆ ಇರುವಲ್ಲೆಲ್ಲ ಇದೆ. ಕೈತೊಳೆಯಲು ಹೆದರಬೇಡಿ, ಗಟ್ಟಿ ಮೈಯನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಗಾಯ, ಸುಟ್ಟ ಚರ್ಮ, ಸಕ್ಕರೆ ಕಾಯಿಲೆಯವರ ಕಾಲು ಸಿಕ್ಕರೆ ಬಿಡುವುದಿಲ್ಲ. ಇಂಗ್ಲಿಷಿನಲ್ಲಿ ಅಪಾರ್ಚುನಿಸ್ಟ್ ಎನ್ನುತ್ತಾರೆ. ನಮ್ಮ ಇಲಾಖೆಯಲ್ಲೂ ಕೆಲವರಿದ್ದರು, ಇರಲಿ.

ಮನೆಗೆ ಹೋಗಿ ಲ್ಯಾಬಿನ ಒಡೆಯರಿಗೆ ಪತ್ರ ಬರೆದೆ. "ಐ ಬೆಗ್ ಟು ಬ್ರಿಂಗ್ ಟು ಯುವರ್ ಕೈಂಡ್ ನೋಟೀಸ್, ಯುವರ್ ಲ್ಯಾಬ್ ಈಸ್ ಫುಲ್ ಆಫ್ ಕಂಟಾಮಿನೇಷನ್." ಕೆಳಗೆ ಸಹಿ, ಇಲಾಖೆಯ ಸೀಲು. ಪ್ರಭುಸ್ವಾಮಿಯವರೇ, ನೀವು ನಂಬಿದ್ದು ಆ ಸೀಲನ್ನು. ಲಕ್ಷ್ಮಿದೇವಿಯವರನ್ನು ತಟ್ಟೆಗಳ ಕೋಣೆಯಿಂದ ತೆಗೆದು ರಕ್ತ ಎಳೆಯುವ ಕೆಲಸಕ್ಕೆ ಹಾಕಿದಿರಿ. ಮೂರು ವರ್ಷ. ಬರೆದವರು ಯಾರೆಂದು ಅವರಿಗೆ ಇವತ್ತಿನವರೆಗೂ ಗೊತ್ತಿಲ್ಲ. ನಾನಮ್ಮಾ, ನಾನು ಬರೆದದ್ದು.

ವೈದ್ಯರು ಬರೆದ ಇಂಜೆಕ್ಷನ್ನನ್ನೂ ಬೇಡವೆಂದೆ. ಅರಿಶಿನ ಹಚ್ಚಿ ಕಟ್ಟಿದೆ. ಚೆಲುವಮ್ಮ ಎರಡು ದಿನ ಕಟ್ಟಿಸಿಕೊಂಡಳು. ಮೂರನೇ ದಿನ, "ಆ ಎಣ್ಣುಮಗಳು ಏಳಿದ್ದ ಕೇಳಿ. ನನ್ ಕಾಲೇನು ಅರಿಶಿನದ ಗೆಡ್ಡೆಯಾ?" ಎಂದಳು. ಕೇಳಲಿಲ್ಲ. ಒಂಬತ್ತು ದಿನ ಕೇಳಲಿಲ್ಲ. ಹತ್ತನೇ ದಿನ ಮೈಸೂರಿಗೆ ಓಡಿದೆವು. ಅಲ್ಲಿಯೂ ಕೀವು ಪರೀಕ್ಷಿಸಿದರು. ಅದೇ ಎರಡು ಪದ, ಅದೇ ಹಸಿರು. ಇಂಜೆಕ್ಷನ್‌ನಿಂದ ಕಾಲು ಉಳಿಯಿತು, ಎರಡು ಬೆರಳು ಹೋದವು.

ಚೆಲುವಮ್ಮ ಆಮೇಲೆ ಒಂಬತ್ತು ವರ್ಷ ಬದುಕಿದಳು. ಎರಡು ವರ್ಷದ ಹಿಂದೆ ಹೃದಯ ನಿಂತು ಹೋದಳು, ಅದಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ವೈದ್ಯರು ಹೇಳಿದ್ದಾರೆ. ನಾನು ಕೇಳಿ ಹೇಳಿಸಿಕೊಂಡದ್ದು. ಬಸ್ಸು ಈ ಲ್ಯಾಬಿನ ಮುಂದೆ ಹೋಗುವಾಗಲೆಲ್ಲ ನನ್ನ ಮೊಣಕೈ ತಿವಿಯುತ್ತಿದ್ದಳು. "ಇಳ್ಕಂಡು ಓಗಿ ಒಂದ್ ಮಾತು ಏಳ್ಬುಟ್ಟು ಬನ್ನಿ. ಬಸ್ಸು ಇನ್ನೊಂದು ಬತ್ತದೆ." ಮುಂದಿನ ಸಲ ಎನ್ನುತ್ತಿದ್ದೆ. ಎಷ್ಟು ಬಸ್ಸು ಹೋದವೋ.

ಇವತ್ತು ಇಳಿದಿದ್ದೇನೆ.

ಅಧ್ಯಕ್ಷರೇ, ಇದು ಮೈಸೂರಿನ ರಿಪೋರ್ಟು. ಇದು ನನ್ನ ದೂರನ್ನು ಹಿಂದಕ್ಕೆ ಪಡೆಯುವ ಪತ್ರ. ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲೇ ಬರೆದಿದ್ದೇನೆ. ಇದನ್ನು ಮೈಕಿನಲ್ಲಿ ಓದಿ, ಆಮೇಲೆ ಅವರಿಗೆ ಶಾಲು ಹೊದಿಸಿ. ಲಕ್ಷ್ಮಿದೇವಿಯವರೇ, ನೀವು ಏನೂ ಹೇಳಬೇಕಾಗಿಲ್ಲ.

ಐದು ನಿಮಿಷಕ್ಕೆ ಹದಿನೈದು ತೆಗೆದುಕೊಂಡರೂ ಚೀಟಿ ಕಳಿಸದ ಸಂಘಟಕರಿಗೆ, ತಾಳಿಕೊಂಡ ನಿಮಗೆಲ್ಲ ಧನ್ಯವಾದ. ಪತ್ರ ಓದಿ ಮುಗಿಯುವವರೆಗೆ ನಾನು ಇಲ್ಲೇ, ಎಲ್ಲರಿಗೂ ಕಾಣುವಂತೆ ನಿಂತಿರುತ್ತೇನೆ. ನಮಸ್ಕಾರ.