ಡಾಕ್ಟರಿಗೆಂದು ಇಟ್ಟ ಟವಲು

ಮಾನ್ಯ ಅಧ್ಯಕ್ಷರಾದ ಒರೆಸ್ತೆ ಅವರೇ, ನಮ್ಮ ವಸ್ತುಸಂಗ್ರಹಾಲಯಕ್ಕಾಗಿ ಅಟ್ಟಗಳನ್ನೆಲ್ಲ ಬರಿದು ಮಾಡಿಕೊಂಡ ಮೊಂತಾಲ್ಬೊ ಊರಿನ ಹಿರಿಯರೇ, ಮುಂದಿನ ಸಾಲಿನಲ್ಲಿ ಆಗಲೇ ತೂಕಡಿಸುತ್ತಿರುವ ಪೂಜ್ಯ ಪಾದ್ರಿಗಳೇ, ಸಭಿಕರೇ,

ಇನ್ನೂರ ಹನ್ನೆರಡು ಹಳೆಯ ಮನೆಸಾಮಾನುಗಳ ಹೆಸರನ್ನು ಇಂಗ್ಲಿಷಿಗೆ ತಂದೆನೆಂದು ನನಗೆ ಈ ಸನ್ಮಾನ. ಬೆಳ್ಳಿ ತಟ್ಟೆ ಚೆನ್ನಾಗಿದೆ. ಆದರೆ ಅದರಲ್ಲಿ ಅರ್ಧ ವಿನಿಫ್ರೆಡ್‌ಗೆ ಸೇರಬೇಕು. ಗಿರಣಿಯ ಪಕ್ಕದ ಮನೆ ಕೊಂಡು ಇಲ್ಲೇ ಮುದುಕಿಯಾದ ಆ ಇಂಗ್ಲಿಷ್ ಹೆಂಗಸನ್ನು ಅರಿಯದವರು ಯಾರಿದ್ದೀರಿ? ನಾನು ನಿಘಂಟು ತೆರೆದರೆ ಅವಳು ಮುಚ್ಚುತ್ತಿದ್ದಳು. ಸಾಮಾನನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತನ್ನ ಅಜ್ಜಿ ಅದನ್ನು ಏನೆಂದು ಕರೆಯುತ್ತಿದ್ದಳೋ ನೆನಪಾಗುವವರೆಗೆ ಕಾಯುತ್ತಿದ್ದಳು. ಚಳಿಗೆ ನಮ್ಮಜ್ಜಿಯರು ಲಂಗದಡಿ ಇಟ್ಟುಕೊಳ್ಳುತ್ತಿದ್ದ ಕೆಂಡದ ಕುಡಿಕೆಗೆ ನಾನು ನಿಘಂಟಿನ ಪದ ಬರೆದಾಗ ಬಿದ್ದು ಬಿದ್ದು ನಕ್ಕಳು. "ಅಯ್ಯೋ ದಿರ್ಚೆ, ಇದನ್ನ ಓದಿದ್ರೆ ನಮ್ಮೋರು ಮಾಂಸ ಸುಡೋಕೆ ಬರ್ತಾರೆ ಕಣೆ!"

ಹೊರಗೆ ಮಂಜು. ಒಳಗೆ ನಾವಿಬ್ಬರೂ ಇಡೀ ಚಳಿಗಾಲ ನೆನಪಿನ ಎರಡು ಅಡುಗೆಮನೆಗಳಲ್ಲಿ ಅಲೆದೆವು, ಒಂದು ಅವಳಜ್ಜಿಯದು, ಒಂದು ನನ್ನಜ್ಜಿಯದು. ಹಿಟ್ಟು ನಾದುವ ಪೆಟ್ಟಿಗೆಯ ಮುಚ್ಚಳ ಎತ್ತಿದರೆ ಹುಳಿಹಿಟ್ಟಿನ ವಾಸನೆ ಬರುತ್ತಿತ್ತು. ಬಟ್ಟೆ ಒಗೆಯುವ ಒಣಗಿದ ತೊಟ್ಟಿಯೊಳಗೆ ಇಣುಕಿದರೆ ಬೂದಿನೀರಿನ ಹಬೆ ಮುಖಕ್ಕೆ ತಾಗುತ್ತಿತ್ತು. ಆ ಹಬೆಯಲ್ಲಿ ನಮ್ಮಮ್ಮ ಜೈರಾ ತೋಳೇರಿಸಿ ನಿಂತಿರುತ್ತಿದ್ದಳು.

ನೂರ ಎಂಬತ್ತನೆಯ ಸಾಮಾನು ನಮ್ಮನೆಯ ಟವಲು. "ಅತಿಥಿ ಟವಲು ಅಂತ ಬರಿ, ಸಾಕು" ಎಂದಳು ವಿನಿಫ್ರೆಡ್. ನಾನು ಒಪ್ಪಲಿಲ್ಲ. ಡಾಕ್ಟರು ಬಂದಾಗ ಕೈ ಒರೆಸಲೆಂದು ಮದುವೆಯ ಪೆಟ್ಟಿಗೆಯಿಂದ ತೆಗೆಯುವ ಟವಲನ್ನು ಅತಿಥಿಗೆ ಯಾರು ಕೊಟ್ಟಿದ್ದರು? ಅದಿಲ್ಲದೆ ಡಾಕ್ಟರನ್ನು ಕರೆಸುವ ಧೈರ್ಯ ನಿಮ್ಮಲ್ಲಿ ಯಾರ ತಾಯಿಗಿತ್ತು?

ಐವತ್ತೊಂದರ ಜನವರಿಯಲ್ಲಿ ನನ್ನ ತಮ್ಮ ಎಲ್ವಿಯೊ ಗಂಟಲುಮಾರಿ ಬಂದು ಮಲಗಿದ. ಅವನಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಬೆಳಗ್ಗೆಯೇ ಅಪ್ಪ ಹೇಸರಗತ್ತೆಗೆ ಜೀನು ಬಿಗಿದು ಡಾಕ್ಟರನ್ನು ಕರೆತರಲು ಹೊರಟರು. ಟವಲು ಬೂದಿನೀರಿನಲ್ಲಿ ನೆನೆಯುತ್ತಿತ್ತು. "ಒಂದ್ ಗಳಿಗೆ ಇರ್ರಿ, ಇದೊಂದು ಒಣಗ್ಲಿ. ಡಾಕ್ಟ್ರ ಮುಂದೆ ನನ್ ಮರ್ಯಾದೆ ಕಳೀಬೇಡಿ" ಎಂದಳು ಅಮ್ಮ. ಒಲೆಯ ಮುಂದೆ ಹಿಡಿದು ಒಣಗಿಸಿದಳು. ಇಸ್ತ್ರಿ ಮಾಡಿದಳು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು. ಸಂಜೆ ಬಂದ ಡಾಕ್ಟರು "ಬೆಳಗ್ಗೇನೇ ಕರೀಬೇಕಿತ್ತಮ್ಮ" ಎಂದರು. ಕೈ ತೊಳೆದು, ತಮ್ಮದೇ ಕರವಸ್ತ್ರದಲ್ಲಿ ಒರೆಸಿಕೊಂಡರು.

ಮಾರನೆಯ ದಿನ ಎಲ್ವಿಯೊ ತೀರಿಕೊಂಡ. ಅಂದಿನಿಂದ ಅಮ್ಮ ಈ ಊರಿಗೆಲ್ಲ ಟವಲಿನ ಜೈರಾ. ನಿಮ್ಮ ತಂದೆತಾಯಿ ಹಾಗೆ ಕರೆದರು, ನೀವೂ ಕರೆದಿರಿ. ನಿಮ್ಮನ್ನು ಅನ್ನಲು ನನಗೆ ಬಾಯೆಲ್ಲಿದೆ? ಒಮ್ಮೆ ಜಗಳದಲ್ಲಿ ನಾನೂ ಹಾಗೆಯೇ ಕರೆದೆ. ಅಮ್ಮ ನನ್ನನ್ನೇ ನೋಡಿದಳು. ಅವಳಿಗೆ ಎಲ್ಲ ಗೊತ್ತಿತ್ತು. ಸಾಯುವವರೆಗೂ ಯಾರಿಗೂ ಹೇಳಲಿಲ್ಲ.

ಕ್ಷಮಿಸಿ, ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ.

ಆ ಟವಲಿನ ಕೆಳಗೆ ಎರಡು ಚೀಟಿಗಳಿವೆ. ಇಟಾಲಿಯನ್ ಚೀಟಿಯಲ್ಲಿ ಬರೀ ಹೆಸರಿದೆ. ಇಂಗ್ಲಿಷ್ ಚೀಟಿ ಉದ್ದವಾಗಿದೆ. ಏಕೆಂದು ಯಾರಾದರೂ ಕೇಳಿದಿರಾ? ಮೂರು ವಾರದಿಂದ ಪ್ರವಾಸಿಗರು ಅದನ್ನು ಓದಿ ಹೋಗುತ್ತಿದ್ದಾರೆ. ಒಬ್ಬಾಕೆ ಅತ್ತಳಂತೆ. ನಮ್ಮವರು ಯಾರೂ ಓದಲಿಲ್ಲ. ನಿಮಗೆ ಓದಲು ಬಾರದೆಂಬ ಧೈರ್ಯದಿಂದಲೇ ನಾನು ಬರೆದದ್ದು. ಇಷ್ಟು ವರ್ಷ ಗಂಟಲಲ್ಲೇ ನಿಂತ ಮಾತು ಆ ಭಾಷೆಯಲ್ಲಿ ಸಲೀಸಾಗಿ ಬಂತು. ಈಗ ಅದನ್ನು ನಮ್ಮ ಮಾತಿನಲ್ಲೇ ಓದುತ್ತೇನೆ:

"ಡಾಕ್ಟರ ಟವಲು. ಇದು ಒಣಗಲೆಂದು ಕಾದು ಡಾಕ್ಟರನ್ನು ತಡವಾಗಿ ಕರೆಸಿದ್ದರಿಂದ ನಾಲ್ಕು ವರ್ಷದ ಎಲ್ವಿಯೊ ತೀರಿಕೊಂಡ. ಆದರೆ ಅವನ ತಾಯಿ ಜೈರಾ ಇದನ್ನು ಒಗೆದು ಮಡಿಸಿ ಸಿದ್ಧವಾಗಿಯೇ ಇಟ್ಟಿದ್ದಳು. ಡಾಕ್ಟರು ಬರುವ ಹಿಂದಿನ ದಿನ ಮದುಮಗಳ ಆಟಕ್ಕೆಂದು ಇದನ್ನು ಕದ್ದು, ತಲೆಗೆ ಹೊದ್ದು, ಕೆಸರಿನಲ್ಲಿ ಬೀಳಿಸಿದವಳು ಮಗಳು ದಿರ್ಚೆ."

ನಮ್ಮಮ್ಮನಿಗೆ ಕೊಟ್ಟ ಆ ಹೆಸರನ್ನು ದಯವಿಟ್ಟು ಇವತ್ತು ವಾಪಸ್ ತೆಗೆದುಕೊಳ್ಳಿ. ಇಷ್ಟು ಹೊತ್ತು ಕೇಳಿದ್ದಕ್ಕೆ ನಿಮಗೆಲ್ಲ ಋಣಿ. ನಮಸ್ಕಾರ.