ತಿರುಪು ಬಂದದ್ದು ಬೀಗದ ಕೈಯಿಂದಲ್ಲ

"ಬೇಗ ಬಾ, ತಿರುಪು" ಅಂದಳು. ಅಷ್ಟೇ ಮೇಷ್ಟ್ರೇ. ಹೆಂಡತಿ ನನಗೆ ಆಡಿದ ಕೊನೆ ಮಾತು ಅದು. ಕೈದಿಗಳು ನಮ್ಮಂಥ ಕಾವಲಿನವರಿಗೆ ಬೈಗುಳಕ್ಕೆ ಅನ್ನೋದನ್ನ ಇವಳು ಮುದ್ದಿಗೆ ಅಂತಿದ್ದಳು. ಮೂವತ್ತೊಂದು ವರ್ಷ... ಅದನ್ನ ಬರ್ಕೋಬೇಡಿ. ಜೈಲಿನ ಮಾತುಗಳ ಪುಸ್ತಕಕ್ಕೆ ನನ್ನ ಹೆಂಡತಿ ಮಾತು ಯಾಕೆ.

ಏನು ಬರೆದಿರಿ, ಕೊಡಿ ಇಲ್ಲಿ. ನಿಧಾನಕ್ಕೆ ಓದ್ತೀನಿ, ನಾಲ್ಕನೇ ಕ್ಲಾಸು ನಾನು. "ತಿರುಪು... ಜೈಲು ಕಾವಲಿನವನು. ಬೀಗದ ಕೈ ತಿರುಪುವುದರಿಂದ ಬಂದ ಹೆಸರು."

ಥೂ. ಬೆಳಗ್ಗೆಯಿಂದ ಬಾಯಿ ಬಡ್ಕೊಂಡೆನಲ್ಲ. ಬೀಗದ ಕೈಯಿಂದಲ್ಲ. ಹೊಡೆದು ಹಾಕಿ.

ಇನ್ನೊಂದು ಸಲ ಕೇಳಿ. ಹಿಂದೆ ಒಂದೊಂದು ಕೋಣೆ ಗೋಡೆಗೂ ಒಂದು ಹಿಡಿಕೆ ಇರ್ತಿತ್ತಂತೆ. ಕೈದಿ ಅದನ್ನ ತಿರುಗಿಸಬೇಕು. ದಿನಕ್ಕೆ ಸಾವಿರಾರು ಸುತ್ತು. ನೀರು ಬರಲ್ಲ, ಹಿಟ್ಟು ಬರಲ್ಲ, ಸುಮ್ಮನೆ ತಿರುಗಿಸೋದು. ಹೊರಗೆ ಕಾವಲಿನವನ ಹತ್ತಿರ ಒಂದು ತಿರುಪು. ಅವನಿಗೆ ಸಿಟ್ಟು ಬಂತೋ, ಅರ್ಧ ಸುತ್ತು ಬಿಗಿ ಮಾಡ್ತಿದ್ದ, ಹಿಡಿಕೆ ತಿರುಗೋದೇ ಕಷ್ಟ. ಒಳಗಿನವನ ತೋಳು ಕಳಚಿ ಬರೋದು. ಅಲ್ಲಿಂದ ಬಂತು ಹೆಸರು. ನನಗೆ ಹೇಳಿದ್ದು ಒಬ್ಬ ಹಳೇ ವಾರ್ಡರು, ಅವನಿಗೆ ಅವನಪ್ಪ.

ಆ ಯಂತ್ರ ನಾನು ಕಣ್ಣಲ್ಲೂ ಕಂಡಿಲ್ಲ. ಆ ಪಾಪ ನನ್ನದಲ್ಲ. ಯಾರೋ ಉಂಡ ಎಂಜಲು, ನಾನು ಬಳಿದೆ. "ತಿರುಪು ಬಂತು, ತಿರುಪು ಹೋಯ್ತು." ಬಂದ, ಹೋದ ಅಂತ ಒಬ್ಬನೂ ಅನ್ನಲಿಲ್ಲ ಮೇಷ್ಟ್ರೇ. ಪಾತ್ರೆ ಪಡಗಕ್ಕೆ ಹೇಳಿದ ಹಾಗೆ.

ಯಾಕೆ ನಗ್ತೀರಿ?

ಓ, ನನ್ನ ಕೈಯಾ. ಮಾತಾಡ್ತಾ ಹೀಗೆ ತಿರುಗುತ್ತೆ, ಬಿಡಿ. ಎರಡು ಸುತ್ತು, ಒಂದು ಜಗ್ಗು, ಮುಂದಿನ ಬಾಗಿಲು. ಅರವತ್ತು ಬಾಗಿಲು, ದಿನಕ್ಕೆ ನಾಲ್ಕು ಸಲ. ಕೈಗೆ ತಲೆ ಬೇಕಾಗಲ್ಲ.

ಹಾಗಂತ ಬೀಗದ ಕೈಯಿಂದ ಅಂತ ಬರೆದುಬಿಡೋದಾ? ಬೇಡ. ಯಾಕೆ ಅಂದರೆ... ಏನು ಯಾಕೆ. ಬೇಡ ಅಂದರೆ ಬೇಡ.

ಅವತ್ತಾ, ಅವಳು ಹೋದ ದಿನ? ಅವತ್ತು ಬೆಳಗ್ಗೆಯಿಂದ ಅವಳಿಗೆ ಎದೆ ಹಿಡ್ಕೊಂಡಿತ್ತು. ವಾಯು ಇರಬೇಕು ಅಂದಳು. ನನಗೆ ಮಧ್ಯಾಹ್ನದ ಪಾಳಿ. ಪಕ್ಕದ ಮನೆ ಅಕ್ಕನಿಗೆ ಹೇಳಿಯೇ ಹೋಗಿದ್ದೆ, ಆಗಾಗ ನೋಡ್ಕೊಳ್ಳಿ ಅಂತ. ಪಾಪ, ಬಂದರು. ಮೂರು ಗಂಟೆಗೆ ಬಂದು ಕರೆದರು. ಇವಳು ಒಳಗಿಂದ, ಏಳಕ್ಕಾಗ್ತಿಲ್ಲ ಅಂದಳಂತೆ. ಅವರು ಆಚೆಯೇ ನಿಂತು...

ಮತ್ತೆ ಯಾಕೆ ಒಳಗೆ ಹೋಗಲಿಲ್ಲ ಅಂತೀರಾ?

ನೀವು ಕೇಳಲೇ ಇಲ್ಲ, ಅಲ್ವಾ. ಪೆನ್ನು ಕೆಳಗಿಟ್ಟು ಕೂತಿದ್ದೀರಿ. ಬೈಯಿರಿ ಬೇಕಾದರೆ.

...ನಾನೇ. ಹೊರಗಿಂದ. ಬೀಗ ಹಾಕಿದ್ದು ನೆನಪೂ ಇಲ್ಲ. ಬೀಗದ ಕೈ ನನ್ನ ಸೊಂಟದಲ್ಲಿ, ನಾನು ನಾಲ್ಕು ಗೇಟಿನ ಒಳಗೆ. ಪಾಳಿ ಮುಗಿಯೋವರೆಗೆ ಹೊರಗಿನ ಸುದ್ದಿ ಒಳಗೆ ಬರಲ್ಲ. ಇಲಾಖೆ ಮನೆ, ಜೈಲಿಗೆ ಹಾಕೋ ಬಾಗಿಲೇ ಅದಕ್ಕೂ. ಬಡಗಿಯನ್ನ ಹುಡುಕಿ ತಂದು ಬಿಜಾಗರಿ ಬಿಚ್ಚೋ ಹೊತ್ತಿಗೆ ಐದಾಗಿತ್ತು. ಮುಗಿದಿತ್ತು. ಅವನೇ ಬಾಗಿಲು ಮತ್ತೆ ಕೂರಿಸಿ ಹೋದ.

ಹೊಡೆದು ಹಾಕಿದ್ದನ್ನ ಮತ್ತೆ ಬರ್ಕೊಳ್ಳಿ. ನೀವು ಬರೆದದ್ದೇ ಇರಲಿ.

ಮಾರನೇ ಬೆಳಗ್ಗೆ ಮನೆ ತುಂಬ ಹೆಂಗಸರು. ಅವಳ ಅಕ್ಕ, ತಂಗಿ, ಬೀದಿಯವರೆಲ್ಲ ಅವಳ ಸುತ್ತ ಕೂತಿದ್ದರು. ಒಯ್ಯೋ ಗಾಡಿ ಬಂತಾ ನೋಡ್ಕೊಂಡು ಬಾ ಅಂದರು. ಹೊರಗೆ ಬಂದೆ, ನಡೆದೆ. ಬೀದಿ ಕೊನೆ ಮುಟ್ಟಿದ್ದೆ. ಹಿಂದೆ ನಮ್ಮನೆ ಬಾಗಿಲು ದಬದಬ ಬಡಿಯೋ ಸದ್ದು. ಒಳಗಿಂದ.

ಅಂಗೈ ಬಿಚ್ಚಿ ನೋಡ್ಕೊಂಡೆ. ಬೀಗದ ಕೈ ಇತ್ತು.