ಮೀನಿನ ಹೊಟ್ಟೆಯ ನೀಲಿ ಎಳೆ

ಸಿದ್ದಾಪುರದ ಬಸ್ ಸ್ಟಾಪಿನಲ್ಲಿ ಮೀನಿನ ಬುಟ್ಟಿ ಕಂಡೊಡನೆ ನೀಲಕಂಠಪ್ಪ ಮೂಗಿಗೆ ಕರ್ಚೀಫು ಹಿಡಿದು ಅತ್ತ ತಿರುಗಿ ನಿಂತ. ಮೂಗು ಮುಚ್ಚಬಹುದು, ಕಿವಿ ಮುಚ್ಚಲಾದೀತೆ? ಮೀನು ಮಾರುವ ಅಣ್ಣಮ್ಮನನ್ನು ಗಿರಾಕಿ ಹೆಂಗಸೊಬ್ಬಳು ತರಾಟೆಗೆ ತೆಗೆದುಕೊಂಡಿದ್ದಳು.

"ಬೆಟ್ಟದ ಕೆರೆ ಮೀನು ಅಂತ ಹೇಳಿ ಆ ಗಲೀಜು ಹುಳಿಮಾವು ಕೆರೇದು ಕೊಟ್ಟಿದೀಯಲ್ಲ, ಅಣ್ಣಮ್ಮ?"

"ದೇವರಾಣೆ ಇಲ್ಲಕ್ಕ. ಕಲ್ಲಜ್ಜನ ಬೆಟ್ಟದ್ದೇ. ಅಲ್ಲಿ ಬಲೆ ಬಿಡೋದು ನನ್ನ ತಮ್ಮನೇ."

"ಹಂಗಾದ್ರೆ ಹೊಟ್ಟೇಲಿ ನೀಲಿ ಎಳೆ ಹೆಂಗೆ ಬಂತು? ಕೂದಲಿಗಿಂತ ಸಣ್ಣವು, ಸುತ್ಕೊಂಡು ಮುದ್ದೆ ಆಗಿದ್ವು."

"ಪಾಚಿ ಇರ್ಬೇಕು."

"ರೇಷ್ಮೆ ಅಸಲಿನಾ ಅಂತ ನೋಡೋ ಹಂಗೆ ಬೆಂಕಿಗೆ ಹಿಡಿದೆ ಕಣೇ. ಕರಗಿ ಗಟ್ಟಿ ಮಣಿ ಆಯ್ತು. ಪ್ಲಾಸ್ಟಿಕ್ಕು! ಆ ಬೆಟ್ಟದ ಮೇಲೆ ಒಂದು ಮನೆ ಇಲ್ಲ, ಫ್ಯಾಕ್ಟರಿ ಇಲ್ಲ. ಹೋದ ವರ್ಷ ನಾನೇ ಹೋಗಿ ನೋಡಿದೀನಿ."

ನೀಲಕಂಠಪ್ಪನಿಗೂ ಅಣ್ಣಮ್ಮನ ಮೇಲೆ ಅನುಮಾನ ಬಲವಾಯಿತು.

"ನೀವ್ಯಾಕೆ ಹೋಗಿದ್ರಕ್ಕ ಅಲ್ಲಿಗೆ?" ಅಣ್ಣಮ್ಮ ಕೇಳಿದಳು.

"ದೋಷ ಕಳೀಲಿ ಅಂತ. ಕೆರೇಲಿ ಮುಳುಗಿ, ಉಟ್ಟ ಸೀರೆ ಅಲ್ಲೇ ನೀರಿಗೆ ಬಿಟ್ಟು ಬರ್ಬೇಕಲ್ಲ."

"ಎಲ್ಲರೂ ಬಿಡ್ತಾರೆ. ತಮ್ಮನ ಬಲೆಗೆ ಮೀನಿಗಿಂತ ಸೀರೇನೇ ಜಾಸ್ತಿ ಬೀಳ್ತವೆ, ಎಲ್ಲಾ ನೈಲಾನಿನವು. ಕೈಲಿ ಎತ್ತಿದ್ರೆ ಎಳೆ ಎಳೆಯಾಗಿ ಬಿಟ್ಕೋತವಂತೆ. ನೀವು ಬಿಟ್ಟಿದ್ದು ಯಾವ ಬಣ್ಣದ್ದು ಅಕ್ಕ?"

ಅಷ್ಟರಲ್ಲಿ ಬಸ್ಸು ಬಂತು. ಹೆಂಗಸು ನಂಬರ್ ಕೂಡ ನೋಡದೆ ಹತ್ತಿಬಿಟ್ಟಳು.